ಘೋಡಗೇರಿಯ ಹಾಡುಗಾರ

ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸವು ಕನ್ನಡ ಅಧ್ಯಾಪಕನಿಗೆ ಪೂರ್ವಜನ್ಮದ ಯಾವುದೋ ಕರ್ಮದಿಂದ ಒದಗಿ ಬರುವುದೆಂದು ನಾನು ಬಹುದಿನಗಳಿಂದ ನಂಬಿದ್ದೇನೆ. ಕಳೆದ ವರ್ಷದ ಆಂತರಿಕ ಪರೀಕ್ಷೆಯ ಪತ್ರಿಕೆಗಳನ್ನು ಒಂದು ರಾತ್ರಿ ಹೀಗೆಯೇ ತಿದ್ದುತ್ತ ಕುಳಿತಿದ್ದೆ. ಗೋಕಾಕದ ಕಡೆಯ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿನಿಯೊಬ್ಬಳು, ‘ಕವಿ ಇಲ್ಲಿ ತನ್ನ ಊರಿನ ಕತೆಯನ್ನು ಹೇಳತೇನ ಎನ್ನುತ್ತಾನೆ’ ಎಂದು ಬರೆದಿದ್ದಳು. ಕೈಯಲ್ಲಿ ಕೆಂಪು ಮಸಿಯ ಲೇಖನಿ ಇತ್ತು. ‘ಹೇಳತೇನ’ ಎಂಬುದರ ಕೆಳಗೆ ಗೆರೆ ಎಳೆದು, ಮೇಲೆ ‘ಹೇಳುತ್ತೇನೆ’ ಎಂದು ಬರೆದು, ಅರ್ಧ ಅಂಕವನ್ನು ಕಳೆದು ಮುಂದಿನ ಪುಟಕ್ಕೆ ಹೋದೆ.

ಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ಆಕೆ ನನ್ನ ಮೇಜಿನ ಬಳಿಗೆ ಬಂದಳು. ಜಗಳವಾಡುವ ಸ್ವಭಾವದ ಹುಡುಗಿಯಲ್ಲ. ತುಸು ಹೊತ್ತು ಸುಮ್ಮನೆ ನಿಂತು, “ಸರ, ಪದ್ಯದ ಹೆಸರ ಹಂಗ ಐತಲ್ರಿ. ಹಂಗಾದ್ರ ಕಂಬಾರರಿಗೂ ಅರ್ಧ ಮಾರ್ಕ್ಸ ಕಡೀತೀರೇನ್ರಿ?” ಎಂದಳು.

ಅಂದು ನಾವು ಓದುತ್ತಿದ್ದುದು ಚಂದ್ರಶೇಖರ ಕಂಬಾರರ ‘ಹೇಳತೇನ ಕೇಳ’ ಕಾವ್ಯದ ಒಂದು ಭಾಗ. ನಾಲ್ಕು ವರ್ಷಗಳಿಂದ ಅದನ್ನು ತರಗತಿಯಲ್ಲಿ ಬೋಧಿಸಿದ್ದೇನೆ. ಊರಗೌಡನ ರೂಪವನ್ನು ಧರಿಸಿ ಬಂದ ರಾಕ್ಷಸನ ಆಳಿಕೆಯಲ್ಲಿ ಊರು ಬರಡಾಗುವ ಕತೆಯದು. ಅದರಲ್ಲಿಯ ಪುರಾಣಪ್ರತಿಮೆ, ಬಂಜೆತನದ ಸಂಕೇತ, ಪಾಶ್ಚಾತ್ಯ ಕಾವ್ಯದ ಛಾಯೆ, ಇವುಗಳನ್ನೆಲ್ಲ ಕರಿಹಲಗೆಯ ಮೇಲೆ ಬರೆದು, ಅಡಿಗೆರೆ ಹಾಕಿ, ವಿದ್ಯಾರ್ಥಿಗಳಿಂದ ಬರೆಸಿದ್ದೇನೆ. ಕಾವ್ಯದ ಹೆಸರಿನಲ್ಲಿರುವ ಎರಡೂ ಪದಗಳು ಕ್ರಿಯಾಪದಗಳೆಂಬುದು, ಒಂದು ಹೇಳುವವನದು, ಇನ್ನೊಂದು ಕೇಳುವವನದು ಎಂಬುದು ಮಾತ್ರ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆ ಹುಡುಗಿಗೆ ಉತ್ತರ ಕೊಡಲಾರದೆ, “ಹಾಗಾದರೆ ನೀನೇ ಓದಿ ತೋರಿಸು” ಎಂದೆ. ಅದು ಅಧ್ಯಾಪಕರೆಲ್ಲ ಬಲ್ಲ ಪಲಾಯನದ ಉಪಾಯ.

ಆಕೆ ಮೊದಲ ನಾಲ್ಕು ಸಾಲುಗಳನ್ನು ನಮ್ಮ ಪಾಠದ ಧಾಟಿಯಲ್ಲಿಯೇ ಓದಿದಳು. ಐದನೆಯದಕ್ಕೆ ಏನಾಯಿತೋ ಕಾಣೆ, ದನಿ ಒಂದಿಷ್ಟು ಏರಿತು. ಸಾಲಿನ ಕೊನೆ ಎಳೆಯಿತು. ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬರುವ ಹೆಣ್ಣುಮಕ್ಕಳ ಹಾಡಿನ ಮಟ್ಟು ತಾನಾಗಿಯೇ ಬಂದು ಕೂಡಿತು. ಹಿಂದಿನ ಬೆಂಚಿನಲ್ಲಿ ಯಾರೋ ಬೆರಳಿನಿಂದ ತಾಳ ಹಾಕಿದರು. ಎರಡು ಪದ್ಯಗಳಾಗುವುದರೊಳಗೆ ಅರ್ಧ ತರಗತಿ ಸಾಲಿನ ಕೊನೆಯ ತುಣುಕನ್ನು ಎತ್ತಿಕೊಂಡು ಹಾಡುತ್ತಿತ್ತು. ನಾಲ್ಕು ವರ್ಷಗಳಲ್ಲಿ ನಾನು ವಿವರಿಸಿದುದಕ್ಕಿಂತ ಹೆಚ್ಚಿನದನ್ನು ಆ ಹತ್ತು ನಿಮಿಷಗಳಲ್ಲಿ ಅವರು ತಿಳಿದುಕೊಂಡರೆಂದು ನನ್ನ ನಂಬಿಕೆ. ಪಕ್ಕದ ಕೋಣೆಯಿಂದ ಲೆಕ್ಕಶಾಸ್ತ್ರದ ಅಧ್ಯಾಪಕರು ಬಂದು ಬಾಗಿಲಲ್ಲಿ ನಿಂತುದರಿಂದ ಹಾಡು ಅಲ್ಲಿಗೆ ನಿಂತಿತು.

ಅಂದಿನಿಂದ ಕಂಬಾರರನ್ನು ನಾನು ಬೇರೆ ಬಗೆಯಾಗಿ ಓದತೊಡಗಿದೆ. ಕವಿ, ನಾಟಕಕಾರ, ಕಾದಂಬರಿಕಾರ, ಜಾನಪದ ವಿದ್ವಾಂಸ, ಕುಲಪತಿ ಎಂದು ನಾವು ಸಾಹಿತ್ಯಚರಿತ್ರೆಯಲ್ಲಿ ಅವರನ್ನು ಐದು ಕಡೆ ಹಂಚಿ ಇಡುತ್ತೇವೆ. ಐದು ಹೆಸರುಗಳ ಹಿಂದೆ ಇರುವವನು ಒಬ್ಬನೇ, ಅವನು ಜನರ ಎದುರಿನಲ್ಲಿ ನಿಂತು ಹಾಡಿ ಹೇಳುವ ಆಟದ ಮನುಷ್ಯ, ಎಂಬ ಮಾತನ್ನೇ ಇಲ್ಲಿ ವಾಚಕರ ಮುಂದೆ ಇಡಬೇಕಾಗಿದೆ. ಹೊಸಗನ್ನಡದ ಕಾವ್ಯವನ್ನೂ ನಾಟಕವನ್ನೂ ಬಯಲಾಟದ ಗಂಟಲಿನಿಂದ ನುಡಿಸಿ, ಅದು ಹಳ್ಳಿಯ ವಿನೋದವಲ್ಲ, ಈ ಕಾಲದ ಮಾತನ್ನೇ ಆಡಬಲ್ಲ ಕಲೆ ಎಂದು ತೋರಿಸಿದವರಲ್ಲಿ ಅವರು ಮೊದಲಿಗರು.

ಕಂಬಾರರು ಹುಟ್ಟಿದ್ದು 1937ರ ಜನವರಿ 2ರಂದು, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ತಂದೆ ಬಸವಣ್ಣೆಪ್ಪ, ತಾಯಿ ಚೆನ್ನಮ್ಮ. ಮನೆತನದ ಕಸುಬು ಹೆಸರಿನಲ್ಲಿಯೇ ಇದೆ. ಆಗ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡನಾಡು ಒಂದಾದದ್ದು ಅವರ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಬಡತನದಿಂದ ಓದು ನಿಲ್ಲುವಂತಾದಾಗ ಸಾವಳಗಿ ಶಿವಲಿಂಗೇಶ್ವರ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದು ನಡೆಸಿದರು. ಆ ಉಪಕಾರವನ್ನು ಕವಿ ಮರೆತಿಲ್ಲ. ಸಾವಳಗಿಯ ಶಿವಲಿಂಗನು ಅವರ ಹಾಡುಗಳೊಳಗೆ ಪದಗಾರರ ಅಂಕಿತದಂತೆ ಆಗಾಗ ಬಂದು ನಿಲ್ಲುತ್ತಾನೆ. ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಇಷ್ಟು ಅವರ ಓದಿನ ದಾರಿ.

ಅದಕ್ಕಿಂತ ದೊಡ್ಡ ಪಾಠಶಾಲೆ ಸುತ್ತಲಿನ ನೆಲದಲ್ಲಿಯೇ ಇತ್ತು. ಘಟಪ್ರಭೆಯ ಈ ಸೀಮೆ ಆಟದ ಸೀಮೆ. ಅಪರಾಳ ತಮ್ಮಣ್ಣನ ಶ್ರೀಕೃಷ್ಣಪಾರಿಜಾತವನ್ನು ರಂಗಕ್ಕೆ ತಿದ್ದಿ ತಂದ ಕುಲಗೋಡ ತಮ್ಮಣ್ಣನ ಊರು ಹಳೆಯ ಗೋಕಾಕ ತಾಲೂಕಿನದು. ಪಾರಿಜಾತದ ರಂಗವನ್ನೇರಿದ ಮೊದಲ ಹೆಣ್ಣುಮಗಳೆಂದು ನಮ್ಮ ಜನ ನೆನೆಯುವ ಕೌಜಲಗಿ ನಿಂಗಮ್ಮನ ಊರೂ ಅದೇ ತಾಲೂಕಿನದು. ಗಂಡಸರೇ ಸೀರೆ ಉಟ್ಟು ಸತ್ಯಭಾಮೆಯಾಗುತ್ತಿದ್ದ ಕಾಲದಲ್ಲಿ ಒಬ್ಬ ಹೆಂಗಸು ಸಾವಿರ ಜನರ ಮುಂದೆ ಬಂದು ನಿಂತು ದನಿ ಎತ್ತಿದ್ದು ಸಣ್ಣ ಸಾಹಸವಲ್ಲ. ಆಕೆಯನ್ನು ಕುರಿತೇ ಬೇರೊಂದು ಲೇಖನವನ್ನು ಬರೆಯಬೇಕು. ಕಂಬಾರರಿಗಿಂತ ಹಿರಿಯರಾದ ಆನಂದಕಂದ, ಎಂದರೆ ಬೆಟಗೇರಿ ಕೃಷ್ಣಶರ್ಮರೂ, ಗೋಕಾಕ ಸೀಮೆಯವರೇ. ಅವರ ‘ನಲ್ವಾಡುಗಳು’ ಈ ಆಡುನುಡಿಯಲ್ಲಿಯೇ ಹಾಡಿಕೊಂಡವು.

ಈ ಆಟಗಳನ್ನು ಕಾಣದವರಿಗಾಗಿ ಎರಡು ಮಾತು. ಊರ ಗುಡಿಯಲ್ಲಿಯೋ ಚಾವಡಿಯಲ್ಲಿಯೋ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಮಾಸ್ತರನೊಬ್ಬ ಬಾಯಿಪಾಠ ಹೇಳಿಕೊಡುತ್ತಾನೆ; ಹಗಲು ಕುಂಟೆ ಹೊಡೆದವನು ರಾತ್ರಿ ಅರ್ಜುನನ ಮಾತನ್ನು ಒಪ್ಪಿಸುತ್ತಾನೆ. ಆಟದ ದಿನ ಅಟ್ಟ ಕಟ್ಟಿ, ಮಾವಿನ ತಳಿರು ಬಿಗಿದು, ಹಿಲಾಲಿನ ಬೆಳಕಿನಲ್ಲಿ, ಆಮೇಲಿನ ಕಾಲದಲ್ಲಿ ಗ್ಯಾಸಬತ್ತಿಯ ಬೆಳಕಿನಲ್ಲಿ, ಬೆಳ್ಳಿ ಮೂಡುವವರೆಗೆ ಕುಣಿತ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳ ವೀರರು. ಸಣ್ಣಾಟದಲ್ಲಿ ನಮ್ಮ ನಿಮ್ಮಂಥವರ ಪ್ರೇಮ, ಮೋಸ, ಕೊಲೆ. ಬೈಲಹೊಂಗಲದ ಕತೆಯಾದ ಸಂಗ್ಯಾಬಾಳ್ಯಾದಲ್ಲಿ ಗೆಳೆಯನೇ ಗೆಳೆಯನನ್ನು ಸಾವಿಗೆ ಒಪ್ಪಿಸುತ್ತಾನೆ. ಎಲ್ಲದರ ಹಿಂದೆ ಹಿಮ್ಮೇಳ. ಮುಂದಿನವನು ಹಾಡಿದ ಸಾಲಿನ ತುದಿಯನ್ನು ಹಿಂದಿನವರು ಎತ್ತಿಕೊಂಡು ಹಾಡುತ್ತಾರೆ. ಆ ಹೊತ್ತಿನಲ್ಲಿ ನಟನಿಗೆ ಉಸಿರು ಸಿಗುತ್ತದೆ. ಕೇಳುವವನಿಗೆ ಮಾತು ಮನಸ್ಸಿಗೆ ಇಳಿಯಲು ಎಡೆ ಸಿಗುತ್ತದೆ.

ಇಲ್ಲಿ ಒಂದು ಭಾಷೆಯ ವಿಚಾರ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಬಂಡಿಯಲ್ಲಿ ಮಲಗಿಕೊಂಡು ಕೇಳುವವನಿಗೂ ಹಾಡು ಮುಟ್ಟಬೇಕಾಗಿತ್ತು. ಆದುದರಿಂದ ಪದವನ್ನು ಏರುದನಿಯಲ್ಲಿಯೇ ಎತ್ತಬೇಕು, ಸಾಲಿನ ತುದಿಯನ್ನು ಎಳೆಯಬೇಕು. ಎಳೆಯಲು ಬಾಯಿ ತೆರೆದಿರಬೇಕು. ‘ಹೇಳುತ್ತೇನೆ’ ಎಂಬುದನ್ನು ಎಳೆದು ನೋಡಿರಿ, ಎಕಾರದಲ್ಲಿ ತುಟಿ ಅಗಲವಾಗಿ ದನಿ ತೆಳುವಾಗುತ್ತದೆ. ‘ಹೇಳತೇನ’ ಎಂಬುದನ್ನು ಎಳೆಯಿರಿ, ಅಕಾರದಲ್ಲಿ ಬಾಯಿ ತೆರೆಯುತ್ತದೆ, ದನಿ ಹರಿಯುತ್ತದೆ. ಹ್ಯಾಂಗ, ಯಾಕ, ಬಂದಾನ, ಹೋಗತಾನ ಎಂದು ಅಕಾರದಲ್ಲಿ ಮುಗಿಯುವ ನಮ್ಮ ಸೀಮೆಯ ಮಾತು ಬಯಲಿನಲ್ಲಿ ಹಾಡುವವನಿಗೆ ತಕ್ಕ ಮಾತು. ಇದು ನನ್ನ ಊಹೆ. ಭಾಷಾಶಾಸ್ತ್ರಜ್ಞರು ಒಪ್ಪದಿದ್ದರೆ ನನ್ನ ಅಭ್ಯಂತರವಿಲ್ಲ. ನಾನು ಕೆಂಪು ಮಸಿಯಿಂದ ತಿದ್ದಿದ ತಪ್ಪು ಕಾವ್ಯದ ಗಂಟಲಾಗಿತ್ತೆಂದು ಮಾತ್ರ ನನಗೆ ಆಮೇಲೆ ತೋರಿತು.

ಕಂಬಾರರ ಮೊದಲ ಸಂಕಲನ ‘ಮುಗುಳು’ 1958ರಲ್ಲಿ ಬಂದಿತು. ‘ಹೇಳತೇನ ಕೇಳ’ ಬಂದದ್ದು 1964ರಲ್ಲಿ. ಆ ಹೊತ್ತು ಎಂಥದೆಂಬುದನ್ನು ನೆನೆದುಕೊಂಡರೆ ಅವರು ಮಾಡಿದ ಕೆಲಸದ ತೂಕ ತಿಳಿಯುತ್ತದೆ. ಆಗ ನವ್ಯಕಾವ್ಯದ ಮಧ್ಯಾಹ್ನ. ಗೋಪಾಲಕೃಷ್ಣ ಅಡಿಗರ ಮಾರ್ಗದಲ್ಲಿ ಕವಿತೆ ಹಾಡನ್ನು ಕಳಚಿಟ್ಟು ಮಾತಿನ ಲಯವನ್ನು ಹಿಡಿದಿತ್ತು. ಕಣ್ಣಿನಿಂದ ಓದಿ, ಮನಸ್ಸಿನಲ್ಲಿ ಬಿಡಿಸಿ, ಒಂಟಿಯಾಗಿ ಸವಿಯುವ ವಸ್ತುವಾಗಿತ್ತು. ಹಾಡುವುದೆಂದರೆ ಹಳೆಯ ನವೋದಯದ ಭಾವಾತಿರೇಕವೆಂದು ಕಿರಿಯರು ಮುಖ ತಿರುಗಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಇಪ್ಪತ್ತೇಳರ ತರುಣನು ಲಾವಣಿಕಾರನಂತೆ ಎದುರಿನವರನ್ನು ಏಕವಚನದಲ್ಲಿ ಕರೆದು ‘ಕೇಳ’ ಎನ್ನುತ್ತಾನೆ. ಕತೆ ಹೇಳುತ್ತಾನೆ, ನಗಿಸುತ್ತಾನೆ, ಹೆದರಿಸುತ್ತಾನೆ. ಹೇಳುತ್ತಿರುವುದಾದರೋ ನವ್ಯರು ಹೇಳುತ್ತಿದ್ದ ವಿಷಯವನ್ನೇ. ಆಳುವವನು ನಿಜವಾದ ಒಡೆಯನಲ್ಲ, ನೆಲ ಬರಡಾಗಿದೆ, ಊರಿಗೆ ಅದರ ಅರಿವಿಲ್ಲ.

ಬೇಂದ್ರೆಯವರನ್ನು ಮರೆತು ಈ ಮಾತನ್ನು ಆಡುತ್ತಿರುವೆನೆಂದು ಧಾರವಾಡದ ಹಿರಿಯರು ಕೋಪಿಸಿಕೊಳ್ಳಬಾರದು. ಆಡುನುಡಿಗೆ ಕಾವ್ಯದ ಪಟ್ಟ ಕಟ್ಟಿದವರು ಅವರೇ. ತಮ್ಮ ಕವಿತೆಯನ್ನು ಸಭೆಯಲ್ಲಿ ಆಡಿ, ಅಭಿನಯಿಸಿ ತೋರಿಸಿದವರೂ ಅವರೇ. ಆದರೆ ಬೇಂದ್ರೆಯವರ ಹಾಡು ಬಹುಮಟ್ಟಿಗೆ ಒಂದು ಜೀವದ ಹಾಡು. ಕಂಬಾರರದು ಮೇಳದ ಹಾಡು. ಅದಕ್ಕೆ ಹಿಂದೆ ನಿಲ್ಲುವವರು ಬೇಕು, ಮುಂದೆ ಕೂಡುವವರೂ ಬೇಕು. ಕವಿಗೋಷ್ಠಿಗಳಲ್ಲಿ ಅವರು ಎದ್ದು ನಿಂತು ತೆರೆದ ಗಂಟಲಿನಲ್ಲಿ ಹಾಡಿದುದನ್ನು ಕೇಳಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಮೇಳದ ಹಾಡು ರಂಗಕ್ಕೆ ಹೋಗದೆ ಇರಲಾರದು. 1970ರಲ್ಲಿ ‘ಋಷ್ಯಶೃಂಗ’ ಬಂದಿತು, 1972ರಲ್ಲಿ ‘ಜೋಕುಮಾರಸ್ವಾಮಿ’. ಜೋಕುಮಾರನ ವಿಚಾರವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಗಣೇಶ ಚೌತಿಯ ಬೆನ್ನಿಗೆ, ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಯ ರಾತ್ರಿ ಸಾಯುವ ಏಳು ದಿನದ ದೇವರು ಈತ. ಮಣ್ಣಿನ ಮೂರ್ತಿ, ಅಗಲವಾದ ಕಣ್ಣು, ತೆರೆದ ಬಾಯಿಗೆ ಬೆಣ್ಣೆ, ಸುತ್ತಲೂ ಬೇವಿನ ತೊಪ್ಪಲು. ಬುಟ್ಟಿಯಲ್ಲಿ ಹೊತ್ತು ತಂದ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಡಿ ಕಾಳುಕಡಿ ಪಡೆಯುತ್ತಾರೆ. ಗಣೇಶನು ಕಡಬು ತಿಂದು ಕೈಲಾಸಕ್ಕೆ ಹೋಗಿ ‘ಭೂಲೋಕದಲ್ಲಿ ಎಲ್ಲ ಸುಭಿಕ್ಷ’ ಎಂದು ವರದಿ ಒಪ್ಪಿಸುತ್ತಾನಂತೆ, ಬಡವರ ಕೇರಿ ತಿರುಗಿದ ಜೋಕುಮಾರನು ನಿಜವಾದ ಕಷ್ಟವನ್ನು ಹೇಳುತ್ತಾನಂತೆ, ಆಮೇಲೆ ಮಳೆ. ನಮ್ಮ ಜನ ದೇವರುಗಳಲ್ಲಿಯೂ ಸರಕಾರಿ ವರದಿಗಾರನನ್ನೂ ಊರ ವರದಿಗಾರನನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದರು!

ಆಟಕ್ಕೆ ಮುನ್ನ ಗಣಪತಿಯನ್ನು ಸ್ತುತಿಸುವುದು ವಾಡಿಕೆ. ಕಂಬಾರರ ಸೂತ್ರಧಾರನು ಪೂಜೆ ಯಾರದಾಗಬೇಕೆಂದು ಹಿಮ್ಮೇಳದೊಡನೆ ವಾದಕ್ಕಿಳಿದು ಜೋಕುಮಾರಸ್ವಾಮಿಯನ್ನು ಪೂಜೆಗೆ ಕೂಡಿಸುತ್ತಾನೆ. ನಾಟಕ ಏನೆಂಬುದು ಅಲ್ಲಿಯೇ ಗೊತ್ತಾಗಿಬಿಡುತ್ತದೆ. ಕೈಯಲ್ಲಿ ಬಂದೂಕು ಇದ್ದು ಮಕ್ಕಳಿಲ್ಲದ ಗೌಡ. ಮಗು ಬೇಕೆಂಬ ಗೌಡತಿ. ಉಳುವವನದೇ ಹೊಲವೆನ್ನುವ ಒಕ್ಕಲು ಬಸಣ್ಣ. ಜೋಕುಮಾರನ ಹೆಸರಿನ ಪಡವಲಕಾಯಿಯ ಪಲ್ಯವನ್ನು ಗಂಡನಿಗೆ ಉಣಿಸಿದರೆ ಮಗುವಾಗುವುದೆಂಬ ನಂಬಿಕೆಯಿಂದ ಗೌಡತಿ ಅದನ್ನು ಮಾಡಿ ಒಯ್ಯುತ್ತಾಳೆ. ಅದನ್ನು ಉಣ್ಣುವವನು ಬಸಣ್ಣ. ಹೆಣ್ಣು, ನೆಲ ಎರಡೂ ಕೇಳುವ ಪ್ರಶ್ನೆ ಒಂದೇ ಆಗಿಬಿಡುತ್ತದೆ. ಬಸಣ್ಣನು ಜೋಕುಮಾರನಂತೆಯೇ ಕೊಲೆಯಾಗುತ್ತಾನೆ. ಉಳುವವನೇ ಒಡೆಯನೆಂಬ ತಿದ್ದುಪಡಿ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1974ರಲ್ಲಿ, ನಾಟಕದ ಎರಡು ವರ್ಷ ಆಮೇಲೆ. ಕಾನೂನಿಗೆ ನಾಟಕ ಕಾರಣವೆಂದು ಹೇಳುವಷ್ಟು ಹುಚ್ಚು ನನಗಿಲ್ಲ. ಆದರೆ ಏಳು ದಿನದ ಮಣ್ಣಿನ ದೇವರನ್ನು ಹಿಡಿದುಕೊಂಡು ಅಂದಿನ ನಾಡಿನ ಬಿಸಿಯಾದ ಮಾತನ್ನೇ ಆಡಬಹುದೆಂಬುದನ್ನು ಅದು ತೋರಿಸಿತು.

ಆ ನಾಟಕವನ್ನು 1972ರಲ್ಲಿ ಬೆಂಗಳೂರಿನಲ್ಲಿ ಆಡಿಸಿದವರು ಬಿ. ವಿ. ಕಾರಂತರು. ರವೀಂದ್ರ ಕಲಾಕ್ಷೇತ್ರದ ಒಳಗಿನ ಚೌಕಟ್ಟನ್ನು ಬಿಟ್ಟು ಹಿಂದಿನ ಬಯಲಿನಲ್ಲಿ, ‘ಈಡಿಪಸ್’ ಮತ್ತು ಲಂಕೇಶರ ‘ಸಂಕ್ರಾಂತಿ’ಗಳ ಜೊತೆಗೆ ಅದನ್ನು ಆಡಿದರು. ನಾಟಕಕಾರರು ಪ್ರೇಕ್ಷಕರ ಸಾಲಿನಲ್ಲಿ ಕುಳಿತಿರಲಿಲ್ಲ. ತಾವೇ ರಂಗದ ಮೇಲೆ ನಿಂತಿದ್ದರು. ಬೆಂಗಳೂರಿನ ಪ್ರೇಕ್ಷಕರಲ್ಲಿ ಎಷ್ಟು ಮಂದಿಗೆ ಆ ಭಾಷೆ ಪೂರ್ತಿಯಾಗಿ ತಿಳಿದಿರಬಹುದು? ತಿಳಿಯದಿದ್ದರೂ ಅವರು ಕುಳಿತು ಕೇಳಿದರು. ಹಳ್ಳಿಯವರನ್ನು ನಗೆಗೀಡು ಮಾಡಲೆಂದೇ ಅದುವರೆಗೆ ಎಷ್ಟೋ ನಾಟಕಗಳಲ್ಲಿ ಆಳುಮಕ್ಕಳ ಬಾಯಲ್ಲಿ ಇಡುತ್ತಿದ್ದ ನುಡಿ ಅಂದು ಇಡೀ ನಾಟಕದ ನುಡಿಯಾಗಿ ನಿಂತಿತ್ತು.

ಮುಂದಿನ ವೃತ್ತಾಂತವನ್ನು ವಾಚಕರು ಬಲ್ಲರಾದುದರಿಂದ ಬೇಗ ಮುಗಿಸುತ್ತೇನೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಕಾಲ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎರಡು ದಶಕಗಳಿಗೂ ಮಿಕ್ಕಿ ಅವರು ಕಲಿಸಿದರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಪ್ರೌಢಪ್ರಬಂಧ ಬರೆದರು. ಚಲನಚಿತ್ರಗಳನ್ನು ನಿರ್ದೇಶಿಸಿದರು, ಅವರ ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತು, ಕನ್ನಡಿಗ ಹಿನ್ನೆಲೆ ಗಾಯಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. 1983ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1991ರಲ್ಲಿ ‘ಸಿರಿಸಂಪಿಗೆ’ಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 2010ನೆಯ ಸಾಲಿನ ಜ್ಞಾನಪೀಠ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರು ಮೊದಲ ಕುಲಪತಿಗಳು. ಅಲ್ಲಿ ಘಟಿಕೋತ್ಸವವನ್ನು ‘ನುಡಿಹಬ್ಬ’ ಎಂದೂ ಗೌರವ ಪದವಿಯನ್ನು ‘ನಾಡೋಜ’ ಎಂದೂ ಕರೆಯುತ್ತಾರೆ. 2018ರಿಂದ 2023ರವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಪದವಿಗಳ ಈ ಪಟ್ಟಿ ಎಷ್ಟು ಉದ್ದವಾದರೂ ಅದರಲ್ಲಿ ನನಗೆ ಬೇಕಾದುದು ಒಂದೇ ಸಂಗತಿ: ಕಾದಂಬರಿ ಬರೆಯುವಾಗಲೂ ಅವರು ಹೇಳುವವರನ್ನೂ ಕೇಳುವವರನ್ನೂ ಬಿಡಲಿಲ್ಲ. ‘ಸಿಂಗಾರೆವ್ವ ಮತ್ತು ಅರಮನೆ’ಯ ಕತೆಯನ್ನು ಶೀನಿಂಗವ್ವ ಎಂಬಾಕೆ ಹೇಳುತ್ತಾಳೆ, ಲೇಖಕನು ಕೇಳುತ್ತಾನೆ. ಅವರ ಬರೆಹಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರ ಎಂಬ ಊರು ನಕಾಶೆಯಲ್ಲಿ ಹುಡುಕುವಂಥದಲ್ಲ. ಕಿವಿಯಲ್ಲಿ ಕಟ್ಟಿದ ಊರು. ಅವರ ಈಚಿನ ದೊಡ್ಡ ಗದ್ಯಕೃತಿಗಳಲ್ಲಿ ಈ ಹೇಳುವ ದನಿ ನನಗೆ ಅಷ್ಟಾಗಿ ಕೇಳಿಸುವುದಿಲ್ಲವೆಂದು ಸಂಕೋಚದಿಂದಲೇ ಹೇಳಬೇಕಾಗಿದೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಮನೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಅಜ್ಜ ಪಾರಿಜಾತದ ಮೇಳವೊಂದರಲ್ಲಿ ದೂತಿಯ ಪಾತ್ರ ಹಾಕುತ್ತಿದ್ದ. ಅವನ ಕಬ್ಬಿಣದ ಟ್ರಂಕಿನಲ್ಲಿ ಒಂದು ಇಳಕಲ್ಲ ಸೀರೆ, ಒಂದು ಜೊತೆ ಗೆಜ್ಜೆ, ಪಾದರಸ ಕಳಚಿದ ಹಿಡಿಗನ್ನಡಿ ಇರುತ್ತಿದ್ದುವು. ನಾನು ಶಾಲೆಯ ಒಂದು ಅರ್ಜಿಯಲ್ಲಿ ಅಜ್ಜನ ಉದ್ಯೋಗವನ್ನು ‘ಆಟದವ’ ಎಂದು ಬರೆದಾಗ ಅಪ್ಪ ಅದನ್ನು ಹೊಡೆದುಹಾಕಿ ‘ಒಕ್ಕಲುತನ’ ಎಂದು ಬರೆಸಿದರು. ಮುಂದೆ ಎಂ. ಎ. ಓದುವಾಗ ಗೋಷ್ಠಿಯೊಂದರಲ್ಲಿ ನನ್ನ ಬಾಯಿಂದ ‘ಹ್ಯಾಂಗ’ ಎಂಬ ಮಾತು ಬಂದಿತು. ಹಿರಿಯರೊಬ್ಬರು ಅದನ್ನೇ ಎರಡು ಸಲ ಉಚ್ಚರಿಸಿ ನಕ್ಕರು, ಸಭೆಯೂ ನಕ್ಕಿತು. ಆ ಬಳಿಕ ನಾನು ನಾಲಗೆಯನ್ನು ಎಷ್ಟು ಚೆನ್ನಾಗಿ ತಿದ್ದಿಕೊಂಡೆನೆಂದರೆ, ಅಜ್ಜ ಹಾಸಿಗೆ ಹಿಡಿದಾಗ ಅವನೊಡನೆಯೂ ಗ್ರಾಂಥಿಕ ಭಾಷೆಯಲ್ಲಿಯೇ ಮಾತನಾಡಿದೆ. ಅವನು ಒಂದು ದಿನ, “ಯಾರೋ ಸಾಹೇಬ್ರು ಬಂದಂಗ ಆತು” ಎಂದ. ಅವನ ಹಾಡುಗಳಲ್ಲಿ ಒಂದನ್ನೂ ನಾನು ಬರೆದಿಟ್ಟುಕೊಳ್ಳಲಿಲ್ಲ. ಕನ್ನಡದಲ್ಲಿ ಪದವಿ ಪಡೆದವನು ನಾನು! ಹುಡುಗಿಯ ಪತ್ರಿಕೆಯ ಮೇಲೆ ಎಳೆದ ಆ ಕೆಂಪು ಗೆರೆ ಹಾಗೆ ನನ್ನ ಕೈಗೆ ಬಂದದ್ದು.

ಈ ತಳಮಳವೇ ನನ್ನನ್ನು ಒಂದು ಭಾನುವಾರ ಘೋಡಗೇರಿಗೆ ಒಯ್ದಿತು. ದಾರಿಯ ಎರಡೂ ಬದಿಗೆ ಕಬ್ಬು. ಕಂಬಾರರು ಹುಡುಗರಾಗಿದ್ದಾಗ ಹಿಡಕಲ್ಲ ಜಲಾಶಯವಿರಲಿಲ್ಲ. ಜೋಳ ಕೊಯ್ದು, ರಾಶಿ ಮಾಡಿ, ಕಣ ಬರಿದಾದ ಮೇಲೆ ಬರುತ್ತಿದ್ದ ಬಿಡುವೇ ಆಟಗಳ ಕಾಲವಾಗಿತ್ತು. ಕಬ್ಬಿಗೆ ಅಂಥ ಬಿಡುವಿಲ್ಲ. ಕಾರ್ಖಾನೆಯ ಲಾರಿ ಬಂದ ದಿನ ಕಟಾವು, ರಾತ್ರಿ ವಿದ್ಯುತ್ತು ಬಂದಾಗ ನೀರು. ಊರು ಆಟವನ್ನು ಮರೆತಿತೆಂದು ಬೈಯುವವರು ಈ ಲೆಕ್ಕವನ್ನೂ ಮಾಡಬೇಕು.

ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ನನ್ನನ್ನು ನೋಡಿ, “ಯಾವೂರ್ರಿ ಸರ? ಕಂಬಾರರ ಊರ ನೋಡಾಕ ಬಂದ್ರೇನು?” ಎಂದರು.

“ಹೌದ್ರೀ ಅಜ್ಜಾರ” ಎಂದೆ.

“ಬರತಾರ್ರಿ ಮಂದಿ, ಫೋಟೋ ಹೊಡಕೊಂಡ ಹೋಗತಾರ. ನೋಡಾಕ ಏನೈತ್ರಿ ಇಲ್ಲಿ? ಮೊದಲ ಕೇಳಾಕ ಇತ್ತು.”

ಅವರು ಸುತ್ತಲ ಊರುಗಳ ಮೇಳಗಳಲ್ಲಿ ತಾಳ ಹಿಡಿದು ಹಿಮ್ಮೇಳದಲ್ಲಿ ನಿಂತವರಂತೆ. “ನಾ ಪಾತ್ರ ಹಾಕಿದಾವಲ್ರಿ. ಹಿಂದ ನಿಂತಾವ” ಎಂದು ಎರಡು ಸಲ ಹೇಳಿದರು, ಯಾರೋ ದೊಡ್ಡವರ ಪಾಲನ್ನು ತಾವು ಕಸಿದುಕೊಳ್ಳಬಾರದೆಂಬಂತೆ. ಈಗ ಜೊತೆಗಾರರಿಲ್ಲ, ಹರೆಯದವರು ಕಟಾವಿಗೆ, ಕಾರ್ಖಾನೆಗೆ, ಬೆಳಗಾವಿಗೆ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆಯೆಂದೆ. “ಐತಂತ್ರಿ” ಎಂದು ಸುಮ್ಮನಾದರು.

ಬಹುದಿನಗಳಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಅವರನ್ನೇ ಕೇಳಿದೆ. ಆಟವನ್ನು ಬೆಂ­ಗಳೂರಿಗೆ, ದಿಲ್ಲಿಗೆ ಒಯ್ದುದರಿಂದ ಊರ ಆಟದವರಿಗೆ ಏನು ಬಂದಿತು? ವಿದ್ವಾಂಸರು ಈ ಪ್ರಶ್ನೆಗೆ ಗೋಷ್ಠಿಗಳಲ್ಲಿ ತಾಸುಗಟ್ಟಲೆ ಉತ್ತರ ಕೊಡುತ್ತಾರೆ. ಮುದುಕರು ಸ್ವಲ್ಪ ಯೋಚಿಸಿ, “ರೊಕ್ಕ ಏನ ಬರಲಿಲ್ರಿ. ನಮ್ಮ ಮಾತ ಅಲ್ಲಿ ಮಟಾ ಹೋತಲ್ರಿ” ಎಂದರು. ಹೆಮ್ಮೆಯಿಂದ ಅಂದರೋ, ಹೋಗಿಬಿಟ್ಟಿತೆಂಬ ಖೇದದಿಂದಲೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ನಮ್ಮ ಅಜ್ಜ ಪಾರಿಜಾತದಲ್ಲಿ ದೂತಿಯಾಗುತ್ತಿದ್ದನೆಂದು ಆಗ ಹೇಳಿದೆ. ಹೊರಗಿನವರೊಬ್ಬರಿಗೆ ನಾನಾಗಿಯೇ ಈ ಮಾತು ಹೇಳಿದ್ದು ಅದೇ ಮೊದಲು. ಮುದುಕರ ಕಣ್ಣು ಅರಳಿತು. “ಮತ್ತ ಅದನ್ನ ಮೊದಲ ಹೇಳಬಾರದೇನ್ರಿ!” ಎಂದು ಸರಿದು ಕುಳಿತು ಪಕ್ಕದಲ್ಲಿ ಜಾಗ ಮಾಡಿದರು. ಅಂಗೈಯಿಂದ ಕಟ್ಟೆಯ ಕಲ್ಲಿನ ಮೇಲೆ ತಾಳ ಹಿಡಿದು, “ನಾ ಎತ್ತಿಕೊಡತೇನ, ತುದಿ ನೀವ ಹಿಡೀರಿ” ಎಂದವರೇ ಹಾಡತೊಡಗಿದರು. ಎಂಬತ್ತರ ಹತ್ತಿರದ ಗಂಟಲು. ಆದರೂ ಮೊದಲ ಸ್ವರವೇ ಮೇಲೆ. ಸಾಲು ಮುಗಿದು ಅವರು ನನ್ನ ಕಡೆಗೆ ಗದ್ದ ಎತ್ತಿದರು. ನಾನು ಬಾಯಿ ತೆರೆದೆ. ದನಿ ಅಷ್ಟು ಎತ್ತರಕ್ಕೆ ಹೋಗಲಿಲ್ಲ. ಅವರು ನಗಲಿಲ್ಲ. ತಾಳ ಬಿಡದೆ ಅದೇ ಸಾಲನ್ನು ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಮತ್ತೆ ಎತ್ತಿದರು. ಎರಡನೆಯ ಸಲ ತುದಿ ಸಿಕ್ಕಿತು. ಮೂರನೆಯ ಪದಕ್ಕೆ ಬರುವುದರೊಳಗೆ ಗೋಕಾಕದ ಬಸ್ಸು ತಿರುವಿನಲ್ಲಿ ಹಾರ್ನು ಹಾಕಿತು. ಅದು ಹೋದರೆ ಮುಂದಿನದು ಎಷ್ಟು ಹೊತ್ತಿಗೋ ಎಂದು ಮುದುಕರು ಅರ್ಧಕ್ಕೆ ನಿಲ್ಲಿಸಿ, “ನಡೀರಿ, ನಡೀರಿ, ಇದು ಇಲ್ಲೇ ಇರತೈತಿ” ಎಂದು ನನ್ನನ್ನು ಎಬ್ಬಿಸಿದರು.